ಕಾಳಿ ತುಂಬಿ ಹರಿದರೂ ಮನೆಯಲ್ಲಿ ಕತ್ತಲೆ ಯಾಕೆ?

ಮಳೆಗಾಲ ಜೋರಾದಾಗ ಉತ್ತರ ಕನ್ನಡದ ಸುದ್ದಿ ಪುಟಗಳಲ್ಲಿ ಎರಡು ಸುದ್ದಿ ಅಕ್ಕಪಕ್ಕದಲ್ಲೇ ಬರುತ್ತವೆ. ಕದ್ರಾ ಅಣೆಕಟ್ಟು ತುಂಬಿದೆ, ಗೇಟು ಎತ್ತಿ ನೀರು ಬಿಡುತ್ತಿದ್ದಾರೆ ಅನ್ನುವುದು ಒಂದು. ಗಾಳಿಗೆ ಕಂಬ ಉರುಳಿ ಹಳ್ಳಿಗಳಲ್ಲಿ ಮೂರ್ನಾಲ್ಕು ದಿನದಿಂದ ಕರೆಂಟಿಲ್ಲ ಅನ್ನುವುದು ಇನ್ನೊಂದು. ಓದಿದವರಿಗೆ ಗೊಂದಲ ಆಗದೇ ಇರುತ್ತದೆಯೇ? ಕರೆಂಟು ತಯಾರಾಗುವುದು ಇದೇ ಜಿಲ್ಲೆಯಲ್ಲಿ. ಅದಕ್ಕೆ ಬೇಕಾದ ನೀರು ತುಂಬಿ ಮಿಕ್ಕಿ ಸಮುದ್ರಕ್ಕೆ ಹೋಗುತ್ತಿದೆ. ಆದರೂ ಮನೆಯಲ್ಲಿ ಮೇಣದಬತ್ತಿ. "ನಮ್ಮ ಕರೆಂಟನ್ನು ಬೆಂಗಳೂರಿಗೆ ಕೊಟ್ಟು ನಮಗೆ ಕೈ ಎತ್ತಿದ್ದಾರೆ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಆ ಸಿಟ್ಟು ನ್ಯಾಯವಾದದ್ದೇ. ಆದರೆ ಉತ್ಪಾದನೆಗೂ ಈ ಕತ್ತಲೆಗೂ ಹೆಚ್ಚು ಸಂಬಂಧ ಇಲ್ಲ. ಕರೆಂಟು ನಿಂತಿರುವುದು ಬೇರೆ ಕಡೆ. ಅದು ಎಲ್ಲಿ, ಯಾಕೆ ಅಂತ ತಿಳಿಯದಿದ್ದರೆ ನಾವು ಕೇಳುವ ಪರಿಹಾರವೂ ತಪ್ಪಾಗುತ್ತದೆ. ಮುಂದಿನ ಆರಿದ್ರಾ ಮಳೆಗೆ ಅದೇ ಕಂಬ ಅದೇ ಜಾಗದಲ್ಲಿ ಮತ್ತೆ ಬೀಳುತ್ತದೆ.

ಹುಟ್ಟುವುದು ಇಲ್ಲೇ, ಬರುವುದು ಸುತ್ತಿ ಬಳಸಿ

ಕೈಗಾ ಅಣು ಸ್ಥಾವರದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಟ್ಟು 880 ಮೆಗಾವ್ಯಾಟ್. ಕಾಳಿ ನದಿಯ ಮೇಲೆ ಸೂಪಾದಲ್ಲಿ 100, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150, ಅಂಬಿಕಾನಗರದ ನಾಗಝರಿಯಲ್ಲಿ ಸುಮಾರು 900. ಇತ್ತ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿ ನೀರಿನಿಂದ 240. ಎಲ್ಲ ಸೇರಿಸಿದರೆ 2,300 ಮೆಗಾವ್ಯಾಟ್‌ಗೂ ಜಾಸ್ತಿ. ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿ ಪ್ರಕಾರ 14.37 ಲಕ್ಷ. ದೊಡ್ಡ ಕಾರ್ಖಾನೆಗಳೂ ಕಡಿಮೆ. ಅಂದರೆ ನಮ್ಮ ಬಳಕೆಗಿಂತ ಎಷ್ಟೋ ಪಟ್ಟು ಹೆಚ್ಚು ಇಲ್ಲೇ ತಯಾರಾಗುತ್ತದೆ.

ಆದರೆ ಈ ಕರೆಂಟು ಸ್ಥಾವರದಿಂದ ನೇರವಾಗಿ ಪಕ್ಕದ ಊರಿಗೆ ಇಳಿಯುವುದಿಲ್ಲ. ಕೈಗಾದಿಂದ ಹೊರಡುವ 400 ಕೆವಿ (ಒಂದು ಕೆವಿ ಅಂದರೆ ಸಾವಿರ ವೋಲ್ಟ್) ಲೈನ್‌ಗಳು ಘಟ್ಟ ಹತ್ತಿ ಧಾರವಾಡದ ಹತ್ತಿರದ ನರೇಂದ್ರಕ್ಕೆ, ಹರಿಹರದ ಹತ್ತಿರದ ಗುತ್ತೂರಿಗೆ ಹೋಗುತ್ತವೆ. ಅಲ್ಲಿ ಅದು ರಾಜ್ಯದ, ದೇಶದ ಗ್ರಿಡ್‌ನಲ್ಲಿ ಸೇರಿಹೋಗುತ್ತದೆ. ನಮಗೆ ಬೇಕಾದದ್ದನ್ನು ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ 220 ಮತ್ತು 110 ಕೆವಿ ಲೈನ್‌ಗಳಲ್ಲಿ ತಂದು ಸಬ್‌ಸ್ಟೇಷನ್‌ಗೆ ಇಳಿಸುತ್ತದೆ. ಅಲ್ಲಿಂದ 33 ಕೆವಿ, 11 ಕೆವಿ ಲೈನ್‌ಗಳು. ಕೊನೆಗೆ ಊರ ಟಿಸಿ (ಟ್ರಾನ್ಸ್‌ಫಾರ್ಮರ್), ಅದರಿಂದ ಮನೆಗೆ 230 ವೋಲ್ಟ್. ಈ ಕೊನೆಯ ಭಾಗ ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ ಜವಾಬ್ದಾರಿ.

ಅಘನಾಶಿನಿ ಎಷ್ಟೇ ತುಂಬಿ ಹರಿಯಲಿ, ಮನೆಗೆ ಬರುವ ಪೈಪು ಒಡೆದಿದ್ದರೆ ನಲ್ಲಿಯಲ್ಲಿ ನೀರು ಬರುತ್ತದೆಯೇ? ಇದೂ ಹಾಗೇ. ನದಿಯಲ್ಲಿ ಕೊರತೆ ಇಲ್ಲ, ಪೈಪು ಒಡೆದಿದೆ.

ಕೊರತೆಯಿಂದಲೇ ಕರೆಂಟು ಹೋಗುವ ಕಾಲವೂ ಇದೆ, ಅದನ್ನು ಬೇರೆಯಾಗಿ ನೋಡಬೇಕು. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಆ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ವಿದ್ಯುತ್ ಅಭಾವ ಆಯಿತು. ಅದು ಬರಗಾಲದ ಕತ್ತಲೆ. ಜುಲೈ ತಿಂಗಳ ಕತ್ತಲೆಗೆ ಕಾರಣ ಬೇರೆ, ಮದ್ದೂ ಬೇರೆ.

ಏಳು ಮೀಟರ್ ದಾರಿ, ಮೂವತ್ತು ಮೀಟರ್ ಮರ

ಒಡೆಯುವುದು ಎಲ್ಲಿ ಅನ್ನುವುದಕ್ಕೆ ಅಳತೆಯ ಲೆಕ್ಕವೇ ಸಾಕು. ಕಾಡಿನಲ್ಲಿ ಲೈನ್ ಎಳೆಯುವಾಗ ಎಷ್ಟು ಅಗಲ ಮರ ಕಡಿದು ಜಾಗ ಬಿಡಿಸಬಹುದು ಎನ್ನುವುದಕ್ಕೆ ಕೇಂದ್ರ ಸರ್ಕಾರದ ನಿಯಮ ಇದೆ. 110 ಕೆವಿ ಲೈನಿಗೆ 22 ಮೀಟರ್. 33 ಕೆವಿಗೆ 15 ಮೀಟರ್. 11 ಕೆವಿಗೆ ಬರೀ 7 ಮೀಟರ್. ಅಂದರೆ ತಂತಿಯ ಎರಡೂ ಬದಿಗೆ ಮೂರೂವರೆ ಮೀಟರ್ ಅಷ್ಟೆ.

110 ಕೆವಿ ಲೈನು ಎತ್ತರದ ಉಕ್ಕಿನ ಟವರ್ ಮೇಲೆ ಹೋಗುತ್ತದೆ. ಮರದ ಟೊಂಗೆ ಅದನ್ನು ಮುಟ್ಟುವುದು ಅಪರೂಪ. 11 ಕೆವಿ ಲೈನು ಹೋಗುವುದು ಎಂಟು ಒಂಬತ್ತು ಮೀಟರ್ ಕಂಬದ ಮೇಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಅದರ ಪಕ್ಕದಲ್ಲೇ ಮತ್ತಿ, ನಂದಿ, ಹೊನ್ನೆ ಮರಗಳು 25-30 ಮೀಟರ್ ಎತ್ತರ ನಿಂತಿವೆ. ಲೈನಿನಿಂದ ಹದಿನೈದು ಮೀಟರ್ ದೂರದ ಮರವೂ ಬುಡಸಮೇತ ಉರುಳಿದರೆ ತಂತಿ ಮೇಲೇ ಬೀಳುತ್ತದೆ. ಮಳೆಗಾಲದ ಮೊದಲು ಜಂಗಲ್ ಕಟಿಂಗ್ ಸರಿಯಾಗಿ ಮಾಡಿದ್ದರೂ ಇದು ತಪ್ಪುವುದಿಲ್ಲ. ಕಟಿಂಗ್ ಮಾಡುವುದು ತಂತಿಗೆ ತಾಗುವ ಟೊಂಗೆಗಳನ್ನು. ದೂರದ ಮರ ಅರಣ್ಯ ಇಲಾಖೆಗೆ ಸೇರಿದ್ದು, ಇಲ್ಲವೇ ಯಾರದೋ ಸೊಪ್ಪಿನ ಬೆಟ್ಟದ್ದು.

"ಜಂಗಲ್ ಕಟಿಂಗ್ ಮಾಡಿಲ್ಲ, ಅದಕ್ಕೇ ಹೀಗಾಯ್ತು" ಎಂಬ ದೂರು ಪ್ರತಿ ವರ್ಷ ಬರುತ್ತದೆ. ಕೆಲವು ಕಡೆ ಅದು ಸತ್ಯವೂ ಹೌದು. ಆದರೆ ಕಟಿಂಗ್ ಒಂದರಿಂದಲೇ ಸಮಸ್ಯೆ ಬಗೆಹರಿಯುತ್ತದೆ ಅಂದುಕೊಂಡರೆ ಈ ಅಳತೆಯನ್ನು ಮರೆತಂತೆ.

ಕರಾವಳಿಯ ಕಥೆ ಸ್ವಲ್ಪ ಬೇರೆ. ಇಲ್ಲಿ ತೆಂಗಿನ ಗರಿ, ಗಾಳಿಮರ, ರಸ್ತೆ ಬದಿಯ ಅಕೇಶಿಯಾ. ಅಕೇಶಿಯಾ ಬೇಗ ಎತ್ತರಕ್ಕೆ ಬೆಳೆಯುತ್ತದೆ, ಮುರಿಯುವುದೂ ಅಷ್ಟೇ ಬೇಗ. ಜೊತೆಗೆ ಉಪ್ಪು ಗಾಳಿ. ಸಮುದ್ರದಿಂದ ಬರುವ ಉಪ್ಪು ಬೇಸಿಗೆಯಿಡೀ ಇನ್ಸುಲೇಟರ್ ಮೇಲೆ ತೆಳುವಾಗಿ ಕೂರುತ್ತದೆ. ಒಣಗಿದ್ದಾಗ ತೊಂದರೆ ಇಲ್ಲ. ಮೇ ತಿಂಗಳ ಕೊನೆಗೆ ಇಬ್ಬನಿಯೋ ತುಂತುರು ಮಳೆಯೋ ತಾಗಿದರೆ ಆ ಉಪ್ಪೇ ಕರೆಂಟು ಹರಿಯುವ ದಾರಿ ಆಗುತ್ತದೆ. ಪಿಂಗಾಣಿ ಮೇಲೆ ಕಿಡಿ ಹಾರಿ ಲೈನ್ ಟ್ರಿಪ್ ಆಗುತ್ತದೆ. ಜೋರು ಮಳೆ ಬಂದರೆ ಉಪ್ಪು ತೊಳೆದು ಹೋಗುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಇನ್ನೂ ಮಳೆಯೇ ಹಿಡಿಯದಿದ್ದರೂ ಕರೆಂಟು ಬಂದು ಹೋಗಿ ಆಟ ಆಡಿಸುವುದಕ್ಕೆ ಇದೂ ಒಂದು ಕಾರಣ.

ಒಂದು ಟೊಂಗೆ, ಇಡೀ ಫೀಡರ್

ಮರ ಬಿದ್ದದ್ದು ಎಲ್ಲೋ ಕಾಡಿನಲ್ಲಿ. ಕರೆಂಟು ಹೋದದ್ದು ಹತ್ತೂರಿಗೆ. ಇದು ಯಾಕೆ?

ಒಂದು 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೊರಡುವ ಲೈನ್, ಮರದ ಹಾಗೆ ಕವಲೊಡೆಯುತ್ತಾ ಹೋಗುತ್ತದೆ. ಅದನ್ನು ಕಾಯುವ ಬ್ರೇಕರ್ ಇರುವುದು ಬುಡದಲ್ಲಿ, ಸಬ್‌ಸ್ಟೇಷನ್‌ನಲ್ಲಿ. ಕೊನೆಯ ಕವಲಿನಲ್ಲಿ ತಂತಿ ನೆಲಕ್ಕೆ ತಾಗಿದರೂ ಬುಡದ ಬ್ರೇಕರ್ ಬೀಳುತ್ತದೆ. ಫೀಡರ್ ಪೂರ್ತಿ ಕತ್ತಲೆ. ಬ್ರೇಕರ್ ತನ್ನ ಕೆಲಸವನ್ನೇ ಮಾಡಿದೆ. ಅದು ಬೀಳದಿದ್ದರೆ ಕೆಳಗೆ ಬಿದ್ದ ತಂತಿಯಲ್ಲಿ 11 ಸಾವಿರ ವೋಲ್ಟ್ ಹಾಗೇ ಇರುತ್ತಿತ್ತು.

ತಪ್ಪು ಎಲ್ಲಿ ಆಗಿದೆ ಅಂತ ಸಬ್‌ಸ್ಟೇಷನ್‌ನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಲೈನ್‌ಮ್ಯಾನ್ ಹೊರಡಬೇಕು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕತ್ತಿ. ರೇನ್‌ಕೋಟ್ ಒಳಗೂ ನೀರು, ಕಾಲಿಗೆ ಉಂಬಳ. ಲೈನ್ ಹಿಡಿದೇ ನಡೆಯಬೇಕು, ಲೈನ್ ಹೋಗುವುದು ರಸ್ತೆ ಬಿಟ್ಟು ಬೆಟ್ಟದ ಮೇಲೆ. ದಾರಿಯಲ್ಲಿ ಸಿಗುವ ಜಿಒಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್ಚು) ಹ್ಯಾಂಡಲ್ ಇಳಿಸಿ ಮುಂದಿನ ಭಾಗವನ್ನು ಕತ್ತರಿಸುತ್ತಾರೆ. ಫೋನ್ ಮಾಡಿ "ಚಾರ್ಜ್ ಮಾಡಿ ನೋಡಿ" ಅನ್ನುತ್ತಾರೆ. ಬ್ರೇಕರ್ ಬೀಳದೆ ನಿಂತರೆ ತಪ್ಪು ಮುಂದಿದೆ, ಮತ್ತೆ ಬಿದ್ದರೆ ಹಿಂದಿದೆ. ಹೀಗೆ ತುಂಡು ತುಂಡಾಗಿ ಹುಡುಕಬೇಕು. ನೆಟ್‌ವರ್ಕ್ ಇಲ್ಲದ ಕಡೆ ಆ ಫೋನೂ ಹೋಗುವುದಿಲ್ಲ. ಸಿಕ್ಕಿದ ಮೇಲೆ ಎಲ್‌ಸಿ (ಲೈನ್ ಬಂದ್ ಇದೆ ಎಂಬ ಅನುಮತಿ) ತಗೊಂಡು, ತಂತಿಗೆ ಅರ್ಥಿಂಗ್ ಕೊಟ್ಟು, ಆಮೇಲೆ ಕಂಬ ಹತ್ತುವುದು. ಜೋರು ಗಾಳಿ, ಗುಡುಗು ಇದ್ದರೆ ಹತ್ತುವ ಹಾಗೂ ಇಲ್ಲ.

ಸರಿಪಡಿಸುವ ಕೆಲಸಕ್ಕಿಂತ ಹುಡುಕುವ ಕೆಲಸಕ್ಕೇ ಎಷ್ಟೋ ಸಲ ಹೆಚ್ಚು ಹೊತ್ತು ಹೋಗುತ್ತದೆ. ಇಡೀ ಸಮಸ್ಯೆಯಲ್ಲಿ ಕಡಿಮೆ ಖರ್ಚಿನಲ್ಲಿ ದೊಡ್ಡ ಲಾಭ ಸಿಗುವ ಜಾಗ ಇದೇ. ಲೈನ್ ಮೇಲೆ ಅಲ್ಲಲ್ಲಿ ಕೂರಿಸುವ ಒಂದು ಸಣ್ಣ ಸಾಧನ ಇದೆ, ತಪ್ಪಿನ ಕರೆಂಟು ತನ್ನ ಮೂಲಕ ಹಾದು ಹೋಗಿದ್ದರೆ ಕೆಂಪು ದೀಪ ಮಿನುಗಿಸುತ್ತದೆ. ಕವಲಿನಲ್ಲಿ ನಿಂತು ದೀಪ ನೋಡಿದರೆ ಎಡಕ್ಕೆ ಹೋಗಬೇಕೋ ಬಲಕ್ಕೋ ಗೊತ್ತಾಗುತ್ತದೆ. ಇನ್ನೊಂದು ಆಟೋ ರಿಕ್ಲೋಸರ್. ಗಾಳಿಗೆ ಟೊಂಗೆ ತಾಗಿ ಬಿಟ್ಟಂಥ ತಪ್ಪುಗಳು ಕ್ಷಣದಲ್ಲಿ ತಾವೇ ಸರಿಹೋಗುತ್ತವೆ. ಬಯಲು ತಂತಿಯಲ್ಲಿ ಬಹುಪಾಲು ತಪ್ಪುಗಳು ಇಂಥವೇ. ರಿಕ್ಲೋಸರ್ ಕೆಲವು ಸೆಕೆಂಡ್ ಬಿಟ್ಟು ತಾನೇ ಮತ್ತೆ ಜೋಡಿಸಿ ನೋಡುತ್ತದೆ. ತಪ್ಪು ಹಾಗೇ ಇದ್ದರೆ ತನ್ನ ಮುಂದಿನ ಕವಲನ್ನು ಮಾತ್ರ ಕತ್ತರಿಸುತ್ತದೆ, ಹಿಂದಿನ ಊರುಗಳಿಗೆ ಕರೆಂಟು ಉಳಿಯುತ್ತದೆ.

ಗಾಳಿ ಮೊದಲಿನ ಹಾಗಿಲ್ಲ

ಕರಾವಳಿಗೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಹೊಸದಲ್ಲ. ಅದು ಬೀಳುವ ರೀತಿ ಬದಲಾಗುತ್ತಿದೆ. ವಾರವಿಡೀ ಸುರಿಯಬೇಕಾದದ್ದು ಎರಡು ದಿನದಲ್ಲಿ ಸುರಿದರೆ ಮಣ್ಣು ನೆನೆದು ಸಡಿಲ ಆಗುತ್ತದೆ. ಆಗ ಮಾಮೂಲಿ ಗಾಳಿಗೂ ಮರ ಬೀಳುತ್ತದೆ, ಕಂಬದ ಬುಡವೂ ನಿಲ್ಲುವುದಿಲ್ಲ.

ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಇಲ್ಲಿನ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಾಗಿವೆ. ಅದೇ ವರ್ಷದ ಮೇ ತಿಂಗಳಲ್ಲಿ ತೌಕ್ತೆ ಬಂತು. ಅದು ನೆಲಕ್ಕೆ ಅಪ್ಪಳಿಸಿದ್ದು ಗುಜರಾತಿನಲ್ಲಿ. ನಮ್ಮ ತೀರದ ಪಕ್ಕದಲ್ಲಿ ಹಾದು ಹೋದಾಗಲೇ ಕಂಬಗಳು ಉರುಳಿದವು. ಅಂಥದ್ದೊಂದು ನೇರವಾಗಿ ಇಲ್ಲೇ ದಡ ಹತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಒಡಿಶಾದ ಪುರಿ ಉದಾಹರಣೆ. 2019ರ ಮೇ ತಿಂಗಳ ಫೋನಿ ಚಂಡಮಾರುತದಲ್ಲಿ ಆ ರಾಜ್ಯದಲ್ಲಿ ಲಕ್ಷಕ್ಕೂ ಹೆಚ್ಚು ಕಂಬಗಳು ಬಿದ್ದವು, ಪುರಿಯ ಹಲವು ಕಡೆ ಕರೆಂಟು ಮರಳಲು ವಾರಗಳೇ ಬೇಕಾದವು.

ಮೂರನೆಯದು ಗುಡ್ಡ ಕುಸಿತ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಗುಡ್ಡವೇ ಬಂದು ಗಂಗಾವಳಿ ನದಿಗೆ ಬಿದ್ದ ಮೇಲೆ ಅಲ್ಲಿ ಯಾವ ಕಂಬ, ಯಾವ ಕೇಬಲ್ ಉಳಿಯುತ್ತದೆ? ಹೆದ್ದಾರಿಯೋ ಘಟ್ಟದ ರಸ್ತೆಯೋ ಬಂದ್ ಆದರೆ ಹೊಸ ಕಂಬ ಹೇರಿಕೊಂಡ ಲಾರಿಯೂ ಬರುವುದಿಲ್ಲ. ಕಂಬ, ತಂತಿ, ಟಿಸಿಗಳನ್ನು ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಮೇ ತಿಂಗಳಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ.

ನೆಲದಡಿ ಕೇಬಲ್ ಹಾಕಿಬಿಟ್ಟರೆ?

ಎಲ್ಲರ ಬಾಯಲ್ಲಿ ಬರುವ ಮೊದಲ ಪರಿಹಾರ ಇದು. 2014ರ ಹುಡ್‌ಹುಡ್ ಚಂಡಮಾರುತದ ನಂತರ ವಿಶಾಖಪಟ್ಟಣದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನೆಲದಡಿ ಕೇಬಲ್ ಹಾಕಿದರು. ಕಾರವಾರ, ಕುಮಟಾ, ಭಟ್ಕಳ, ಶಿರಸಿ ಪೇಟೆಗಳಿಗೆ ಇದು ಒಪ್ಪುವ ಮಾತೇ. ಸ್ವಲ್ಪ ಜಾಗದಲ್ಲಿ ಜಾಸ್ತಿ ಮನೆಗಳಿವೆ, ಖರ್ಚು ಹಂಚಿಹೋಗುತ್ತದೆ.

ಹಳ್ಳಿಗೆ ಬಂದಾಗ ಲೆಕ್ಕ ತಿರುಗುತ್ತದೆ. ನೆಲದಡಿ ಕೇಬಲ್‌ಗೆ ಬಯಲು ತಂತಿಗಿಂತ ಎಷ್ಟೋ ಪಟ್ಟು ಖರ್ಚು. ತೋಟದ ನಡುವೆ ದೂರ ದೂರ ಇರುವ ಹತ್ತು ಮನೆಗಳಿಗಾಗಿ ಚಿರೇಕಲ್ಲು ಕಡಿದು ಕಿಲೋಮೀಟರ್‌ಗಟ್ಟಲೆ ಅಗೆಯಬೇಕು. ಕೇಬಲ್ ಕೆಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಯಂತ್ರ ತಂದು ಹುಡುಕಿ, ಮತ್ತೆ ಅಗೆದು, ಜಾಯಿಂಟ್ ಹಾಕಬೇಕು. ನೀರು ನಿಂತ ಮಣ್ಣಿನಲ್ಲಿ ಜುಲೈ ತಿಂಗಳಲ್ಲಿ ಆ ಕೆಲಸ ಸುಲಭ ಅಲ್ಲ. ಮಣ್ಣು ಜಾರುವ ಇಳಿಜಾರಿನಲ್ಲಿ ಕೇಬಲ್ಲೂ ಮಣ್ಣಿನ ಜೊತೆಗೇ ಜಾರುತ್ತದೆ.

ನಡುವಿನ ದಾರಿ ಹೊದಿಕೆ ಇರುವ ತಂತಿ. ಕಂಬ ಅದೇ, ತಂತಿಗೆ ಮಾತ್ರ ಪ್ಲಾಸ್ಟಿಕ್ ಕವಚ. ಟೊಂಗೆ ತಾಗಿದರೆ ಟ್ರಿಪ್ ಆಗುವುದಿಲ್ಲ, ಎರಡು ತಂತಿ ಒಂದಕ್ಕೊಂದು ಬಡಿದರೂ ಕಿಡಿ ಇಲ್ಲ. ಮಂಗ, ಹಾರುಬೆಕ್ಕು, ಆನೆಗಳಿಗೂ ಅಪಾಯ ಕಡಿಮೆ. ಕಾಡಿನಲ್ಲಿ ಹೊಸದಾಗಿ ದಾರಿ ಅಗಲಿಸಬೇಡಿ ಎನ್ನುವ ಪರಿಸರದವರಿಗೂ, ಕರೆಂಟು ಬೇಕು ಎನ್ನುವ ರೈತರಿಗೂ ಒಪ್ಪಿಗೆ ಆಗಬಹುದಾದ ಜಾಗ ಇದು. ಆದರೆ ದೊಡ್ಡ ಮರವೇ ಬಿದ್ದರೆ ಇದೂ ತುಂಡಾಗುತ್ತದೆ. ಹಾಗೆ ಬಿದ್ದಾಗ ಕವಚದ ದೆಸೆಯಿಂದ ನೆಲಕ್ಕೆ ಹರಿಯುವ ಕರೆಂಟು ಕಡಿಮೆ ಇರುತ್ತದೆ, ಬ್ರೇಕರ್‌ಗೆ ಗೊತ್ತಾಗದೇ ಹೋಗಬಹುದು. ಬಿದ್ದ ತಂತಿ ಜೀವಂತವಾಗೇ ಇರಬಹುದು. ತಂತಿ ಬದಲಿಸಿದರೆ ಸಾಲದು, ಅಂಥ ಸಣ್ಣ ಕರೆಂಟನ್ನೂ ಗುರುತಿಸಿ ಬ್ರೇಕರ್ ಬೀಳಿಸುವ ರಕ್ಷಣಾ ರಿಲೇಯೂ ಬೇಕು.

ಇದಕ್ಕಿಂತ ಮುಖ್ಯ, ಕರೆಂಟು ಬರುವುದಕ್ಕೆ ಇನ್ನೊಂದು ದಾರಿ. ಒಂದು ಸಬ್‌ಸ್ಟೇಷನ್‌ಗೆ ಒಂದೇ ಕಡೆಯಿಂದ ಲೈನ್ ಬರುತ್ತಿದ್ದರೆ, ಆ ಲೈನ್ ಬಿದ್ದ ದಿನ ಇಡೀ ಹೋಬಳಿ ಕತ್ತಲೆ. ಪಕ್ಕದ ಸಬ್‌ಸ್ಟೇಷನ್‌ನಿಂದ ಒಂದು ಲಿಂಕ್ ಲೈನ್ ಇದ್ದರೆ ಅತ್ತಲಿಂದ ಕೊಡಬಹುದು. ಕಾಡು ಅಡ್ಡ ಇರುವ ಕಡೆ ಹೊಸ ಲೈನ್‌ಗೆ ಅರಣ್ಯ ಅನುಮತಿ ಸಿಗುವುದು ತಡ ಆಗುತ್ತದೆ, ಆಗಬೇಕಾದದ್ದೂ ಹೌದು. ಇರುವ ರಸ್ತೆಯ ಅಂಚಿನಲ್ಲೇ ಲಿಂಕ್ ಲೈನ್ ತಂದರೆ ಮರ ಕಡಿಯುವುದೂ ಕಡಿಮೆ, ಬಿದ್ದಾಗ ಹುಡುಕುವುದೂ ಸುಲಭ.

ಹಣದ ಲೆಕ್ಕ ಯಾಕೆ ಕೂಡುವುದಿಲ್ಲ

ಹೆಸ್ಕಾಂ ಏಳು ಜಿಲ್ಲೆಗಳ ಕಂಪನಿ. 2011ರ ಲೆಕ್ಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಚದರ ಕಿಲೋಮೀಟರ್‌ಗೆ ಸುಮಾರು 434 ಜನ, ಉತ್ತರ ಕನ್ನಡದಲ್ಲಿ 140. ಇಲ್ಲಿ ಒಂದು ಮನೆಗೆ ಬೇಕಾಗುವ ತಂತಿ ಜಾಸ್ತಿ, ಆ ಮನೆಯಿಂದ ಬರುವ ಬಿಲ್ ಕಡಿಮೆ. ಯೂನಿಟ್ ಲೆಕ್ಕದಲ್ಲಿ ಹಣ ಹಂಚಿದರೆ ನಮ್ಮ ಪಾಲು ಯಾವತ್ತೂ ಚಿಕ್ಕದೇ.

ಸರಾಸರಿ ಅಂಕಿಯೂ ನಮ್ಮನ್ನು ಮರೆಮಾಡುತ್ತದೆ. ಏಳು ಜಿಲ್ಲೆಯ ಒಟ್ಟು ಗ್ರಾಹಕರ ಸರಾಸರಿಯಲ್ಲಿ ಕರೆಂಟು ಹೋದ ಹೊತ್ತು ಕಡಿಮೆ ಕಾಣಬಹುದು. ಅದರೊಳಗೆ ಜೋಯಿಡಾದ ಒಂದು ಹಳ್ಳಿಯ ಐದು ದಿನ ಕರಗಿ ಹೋಗಿರುತ್ತದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿಯ ನಿಯಮದಲ್ಲಿ ಹಳ್ಳಿಯ ಟಿಸಿ ಸುಟ್ಟರೆ 72 ಗಂಟೆಯೊಳಗೆ ಬದಲಿಸಬೇಕು, ನಗರದಲ್ಲಿ 24 ಗಂಟೆ. ಪ್ರಕೃತಿ ವಿಕೋಪ ಅಂದರೆ ಆ ಗಡುವಿಗೆ ವಿನಾಯಿತಿ ಇದೆ. ಪ್ರತಿ ಜುಲೈಯಲ್ಲೂ ಬರುವ ಗಾಳಿ-ಮಳೆಯನ್ನು ಎಷ್ಟರ ಮಟ್ಟಿಗೆ ವಿಕೋಪ ಅನ್ನುವುದು? ಗೊತ್ತಿದ್ದು ಬರುವುದಕ್ಕೆ ತಯಾರಿ ಇರಬೇಕು, ವಿನಾಯಿತಿ ಇರಬಾರದು.

ಇನ್ನೂ ಒಂದು ತೊಡಕು ಇದೆ. ಬಿದ್ದ ಕಂಬ ನಿಲ್ಲಿಸುವುದು ತುರ್ತು ಕೆಲಸ, ಅದಕ್ಕೆ ಹಣ ಹೇಗಾದರೂ ಹೊರಡುತ್ತದೆ. ಬೀಳದ ಹಾಗೆ ಮಾಡುವುದು ಯೋಜನೆ. ಅದಕ್ಕೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಬೇಕು. ಹಾಗಾಗಿ ಅದೇ ಹೊಂಡದಲ್ಲಿ ಅದೇ ಥರದ ಕಂಬ ಮತ್ತೆ ಮತ್ತೆ ನಿಲ್ಲುತ್ತದೆ. ಜನ ಕಾಯುತ್ತಿರುವಾಗ ಬೇರೆ ಮಾಡುವುದಕ್ಕೆ ಪುರುಸೊತ್ತು ಎಲ್ಲಿ?

ಲೈಟೊಂದೇ ಹೋಗುವುದಿಲ್ಲ

ಮೊಬೈಲ್ ಟವರ್ ಬ್ಯಾಟರಿ ಕೆಲವು ಗಂಟೆ ಬಾಳುತ್ತದೆ. ಆಮೇಲೆ ಡೀಸೆಲ್ ತರುವವರು ಬೇಕು, ರಸ್ತೆ ಮೇಲೆ ಮರ ಬಿದ್ದಿದ್ದರೆ ಡೀಸೆಲ್ಲೂ ಇಲ್ಲ. ಟವರ್ ನಿಂತ ಮೇಲೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡುವುದು ಹೇಗೆ? ಆಂಬುಲೆನ್ಸ್ ಕರೆಯುವುದು ಹೇಗೆ? ಕುಡಿಯುವ ನೀರಿನ ಪಂಪು ನಿಲ್ಲುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಆಗಸ್ಟ್‌ನಲ್ಲಿ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿಯುವ ಹೊತ್ತಿಗೆ ಐಸ್ ಪ್ಲಾಂಟ್ ನಡೆಯದಿದ್ದರೆ ಹಿಡಿದ ಮೀನಿಗೆ ಬೆಲೆ ಇಲ್ಲ.

ಛಾವಣಿಗೆ ಸೋಲಾರ್ ಹಾಕಿಸಿದವರಿಗೂ ಒಂದು ಗೊಂದಲ ಇದೆ. ಮೇಲೆ ಪ್ಯಾನೆಲ್ ಇದೆ, ಬಿಸಿಲೂ ಬಂದಿದೆ, ಆದರೂ ಕರೆಂಟಿಲ್ಲ. ಗ್ರಿಡ್‌ಗೆ ಜೋಡಿಸಿದ ಮಾಮೂಲಿ ಇನ್ವರ್ಟರ್ ಲೈನ್ ಸತ್ತ ತಕ್ಷಣ ತಾನೂ ನಿಲ್ಲುತ್ತದೆ. ಅದು ಬೇಕೆಂದೇ ಮಾಡಿದ ವ್ಯವಸ್ಥೆ. ಇಲ್ಲದಿದ್ದರೆ ಮನೆಯ 230 ವೋಲ್ಟ್ ಟಿಸಿ ಮೂಲಕ ಹಿಂದಕ್ಕೆ ಹೋಗಿ 11 ಸಾವಿರ ವೋಲ್ಟ್ ಆಗಿ ಕಂಬದ ಮೇಲಿರುವವರನ್ನು ಕೊಲ್ಲುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆ ವಯರಿಂಗ್‌ಗೆ ಚುಚ್ಚುವುದೂ ಇದೇ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ. ಕರೆಂಟು ಹೋದಾಗಲೂ ನಡೆಯಬೇಕಾದರೆ ಬ್ಯಾಟರಿ ಸಮೇತದ ಹೈಬ್ರಿಡ್ ಇನ್ವರ್ಟರ್ ಬೇಕು. ಪ್ರತಿ ಮನೆಗೂ ಅದು ಎಟುಕುವುದಿಲ್ಲ. ಆರೋಗ್ಯ ಕೇಂದ್ರ, ನೀರಿನ ಪಂಪು, ಟವರ್, ಕಾಳಜಿ ಕೇಂದ್ರವಾಗುವ ಶಾಲೆ, ಊರಿಗೆ ಇಷ್ಟಕ್ಕಾದರೂ ಹಾಕಬಹುದು.

ಮಳೆ ಬಿಟ್ಟ ಮೇಲೆ

ಕೇರಳ 2018ರ ಆಗಸ್ಟ್ ಪ್ರವಾಹದ ನಂತರ 'ಮಿಷನ್ ರೀಕನೆಕ್ಟ್' ಅಂತ ಕೆಲಸ ಶುರುಮಾಡಿತು. ನಿವೃತ್ತ ನೌಕರರು, ಖಾಸಗಿ ಎಲೆಕ್ಟ್ರಿಷಿಯನ್‌ಗಳು, ಹೊರರಾಜ್ಯದ ತಂಡಗಳು ಸೇರಿ ಸುಮಾರು 25 ಲಕ್ಷ ಗ್ರಾಹಕರಿಗೆ ಕರೆಂಟು ಮರಳಿಸಿದರು. ನಮ್ಮಲ್ಲೂ ತಾಲೂಕುವಾರು ಅಂಥ ಪಟ್ಟಿಯೊಂದು ಮೊದಲೇ ಸಿದ್ಧ ಇದ್ದರೆ, ಗಾಳಿ ಬೀಸಿದ ಮೇಲೆ ಯಾರನ್ನು ಕರೆಯುವುದು ಅಂತ ಯೋಚಿಸುತ್ತಾ ಕೂರುವುದು ತಪ್ಪುತ್ತದೆ.

ಲೈನ್ ಕೆಲಸಕ್ಕೆ ಇಲ್ಲಿ ಸಿಗುವುದು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಆರು ತಿಂಗಳು. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಪಟ್ಟಿ ತಯಾರಿರಬೇಕು. ಕಳೆದ ಮೂರು ಮಳೆಗಾಲದಲ್ಲಿ ಯಾವ ಫೀಡರ್ ಎಷ್ಟು ಸಲ ಬಿತ್ತು, ಯಾವ ಎರಡು ಕಂಬಗಳ ನಡುವೆ ಬಿತ್ತು, ಎಷ್ಟು ಗಂಟೆಗೆ ಸರಿಯಾಯಿತು. ಈ ಮಾಹಿತಿ ಸೆಕ್ಷನ್ ಆಫೀಸಿನ ರಿಜಿಸ್ಟರ್‌ನಲ್ಲಿ ಇರುತ್ತದೆ, ಆ ಲೈನ್ ನಡೆದ ಲೈನ್‌ಮ್ಯಾನ್ ತಲೆಯಲ್ಲಿ ಇನ್ನೂ ಚೆನ್ನಾಗಿ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. ದರ ನಿಗದಿಗೆ ಮುಂಚೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಅಲ್ಲಿ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. "ಕರೆಂಟು ಸರಿಯಿಲ್ಲ" ಅಂತ ಬರೆದರೆ ಏಳು ಜಿಲ್ಲೆಯ ಸರಾಸರಿ ಉತ್ತರವಾಗಿ ಬರುತ್ತದೆ. ಫೀಡರಿನ ಹೆಸರು, ಬಿದ್ದ ತಾರೀಖು, ಕತ್ತಲೆಯ ಗಂಟೆ ಬರೆದು, ಆ ಕಂಬಗಳ ನಡುವೆ ಮುಂದಿನ ಮೇ ಒಳಗೆ ಹೊದಿಕೆ ತಂತಿ ಬರುತ್ತದೋ ಇಲ್ಲವೋ ಅಂತ ಕೇಳಿದರೆ ಆ ಸರಾಸರಿ ಉತ್ತರ ಸಾಲುವುದಿಲ್ಲ.